ಮನೆಗೆ ಬರುವ ನರ್ಸಿಂಗ್ ಸೇವೆ: ಯಾವ ಕೆಲಸಕ್ಕೆ ಎಂಥ ನರ್ಸ್ ಬೇಕು?

ಹಾಸಿಗೆ ಹಿಡಿದವರ ಚರ್ಮ, ಊಟ, ಮಲಮೂತ್ರ ನೋಡಿಕೊಳ್ಳುವುದರಲ್ಲಿ ಒಳ್ಳೆಯ ಹೋಮ್ ನರ್ಸ್ ಒಬ್ಬರು ಯಾವ ದೊಡ್ಡ ಆಸ್ಪತ್ರೆಯ ವಾರ್ಡನ್ನೂ ಮೀರಿಸಬಲ್ಲರು. ಗಂಟೆಗಂಟೆಗೂ ಸ್ಥಿತಿ ಬದಲಾಗುವ ರೋಗಿಗೆ ಅದೇ ಸೇವೆ ಅಪಾಯ. ಈ ಎರಡರ ನಡುವೆ ಬರುವವರೇ ಹೆಚ್ಚು. ಅವರ ವಿಷಯದಲ್ಲಿ ಸೇವೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ಬಂದ ನರ್ಸ್ ಹಿಂದೆ ಎಲ್ಲಿ ಕೆಲಸ ಮಾಡಿದ್ದರು, ಸಂಶಯ ಬಂದಾಗ ಅವರು ಯಾರನ್ನು ಕೇಳಬಹುದು ಎಂಬುದನ್ನೇ ಅವಲಂಬಿಸಿದೆ. ಏಜೆನ್ಸಿಗಳ ಜಾಹೀರಾತಿನಲ್ಲಿ ಇವೆರಡೂ ಇರುವುದಿಲ್ಲ. ಅಲ್ಲಿ ಎದ್ದು ಕಾಣುವುದು 'ಐಸಿಯು ಅನುಭವದ ನರ್ಸ್' ಮತ್ತು '24 ಗಂಟೆ ಆರೈಕೆ' ಎಂಬ ಎರಡು ಮಾತು. ಎರಡನ್ನೂ ಬಿಡಿಸಿ ನೋಡಬೇಕು.

ಐಸಿಯು ನರ್ಸ್ ಬಂದರೆ ಸಾಕೇ?

ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ರೋಗಿಗಳು. ಮಾನಿಟರ್ ಪ್ರತಿ ಕ್ಷಣದ ಲೆಕ್ಕ ಕೊಡುತ್ತಿರುತ್ತದೆ, ಔಷಧಿ ಪಂಪಿನಲ್ಲಿ ಹೋಗುತ್ತಿರುತ್ತದೆ, ರಕ್ತದ ಆಮ್ಲಜನಕ ಎಷ್ಟಿದೆ ಎಂಬ ವರದಿ ಕೆಲವೇ ನಿಮಿಷದಲ್ಲಿ ಬರುತ್ತದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಡಾಕ್ಟರ್ ಇರುತ್ತಾರೆ. ಅಲ್ಲಿನ ನರ್ಸ್ ಕಲಿಯುವುದು ಅಂಕಿಗಳನ್ನು ಓದಿ ತಕ್ಷಣ ಕೈ ಹಾಕುವುದನ್ನು. ಮನೆಯಲ್ಲಿ ಈ ಅಂಕಿಗಳೇ ಇರುವುದಿಲ್ಲ. ಟ್ರಾಕಿಯಾಸ್ಟಮಿ ಮಾಡಿರುವವರಿಗೆ (ಉಸಿರಾಡಲು ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಇಟ್ಟವರಿಗೆ), ಮನೆಯಲ್ಲೇ ವೆಂಟಿಲೇಟರ್ ಮೇಲಿರುವವರಿಗೆ ಐಸಿಯು ಅನುಭವ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಪಾರ್ಶ್ವವಾಯು ಆಗಿ ಆರು ತಿಂಗಳಿಂದ ಮಲಗಿರುವವರಿಗೆ ಬೇಕಾದದ್ದು ಬೇರೆ. ಮಲಬದ್ಧತೆಯನ್ನು ಮೂರನೇ ದಿನಕ್ಕೇ ಹಿಡಿಯುವುದು, ನುಂಗಲು ಕಷ್ಟವಾಗುತ್ತಿರುವುದನ್ನು ಊಟದ ವೇಳೆಯ ಕೆಮ್ಮಿನಿಂದಲೇ ಗುರುತಿಸುವುದು, ಬಿಗಿಯಾದ ಕೀಲನ್ನು ನೋಯಿಸದೆ ಸರಿಸುವುದು. ಇದು ಮೆಡಿಕಲ್ ವಾರ್ಡ್, ಪುನಶ್ಚೇತನ ಕೇಂದ್ರ, ವೃದ್ಧರ ಆರೈಕೆಯಲ್ಲಿ ಪಳಗಿದವರ ಕೆಲಸ. ಅಂಥ ರೋಗಿಗೆ ಹೆಚ್ಚು ಹಣ ಕೊಟ್ಟು ಐಸಿಯು ನರ್ಸ್ ತರಿಸಿಕೊಂಡರೆ ಕೊಟ್ಟ ಹಣಕ್ಕೆ ತಕ್ಕ ಸೇವೆ ಸಿಗುವುದಿಲ್ಲ.

ವಾರ್ಡ್ ನರ್ಸ್‌ಗಳ ನಿಜವಾದ ಪರಿಣತಿ ಆದ್ಯತೆ ನಿರ್ಧರಿಸುವುದರಲ್ಲಿದೆ. ಹಲವು ರೋಗಿಗಳಲ್ಲಿ ಮೊದಲು ಯಾರ ಬಳಿ ಹೋಗಬೇಕು ಎಂಬುದು ಅವರಿಗೆ ಬಾಗಿಲಲ್ಲಿ ನಿಂತೇ ಹೊಳೆಯುತ್ತದೆ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬ ಪ್ರಶ್ನೆ ಸಣ್ಣದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ, 2004ರಿಂದ ಇದಕ್ಕೆ ಮಿತಿ ಹಾಕಿತು. ಅಲ್ಲಿ ಸಾಮಾನ್ಯ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡ್‌ಗೆ ಇರುವ ಮಿತಿ ಒಬ್ಬರಿಗೆ ಐವರು. ಒಂಬತ್ತು ಯುರೋಪಿಯನ್ ದೇಶಗಳ ಆಸ್ಪತ್ರೆಗಳನ್ನು ನೋಡಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರ್ಸ್ ಒಬ್ಬರ ಮೇಲೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನದೊಳಗೆ ಸಾವಿನ ಸಾಧ್ಯತೆ ಶೇ. 7ರಷ್ಟು ಏರುವುದು ಕಂಡುಬಂತು. ಈ ಲೆಕ್ಕದಲ್ಲಿ ಮನೆ ಸೇವೆಗೆ ಸಮನಾದದ್ದಿಲ್ಲ, ಒಬ್ಬರಿಗೆ ಒಬ್ಬರು!

ಆದರೆ ಮನೆಯಲ್ಲಿ ಎರಡನೆಯ ನರ್ಸ್ ಇರುವುದಿಲ್ಲ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ವಾರ್ಡಿನಲ್ಲಿ ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬರು ಸಿರಿಂಜ್ ನೋಡುತ್ತಾರೆ, ಭಾರದ ರೋಗಿಯನ್ನು ಹೊರಳಿಸಲು ಆಚೆ ಬದಿ ಇನ್ನೊಬ್ಬರು ನಿಲ್ಲುತ್ತಾರೆ. ಮನೆಯಲ್ಲಿ ಆ ಜಾಗಕ್ಕೆ ಮನೆಯವರೇ ಬರಬೇಕು. '24 ಗಂಟೆ' ಎಂಬ ಪ್ಯಾಕೇಜಿನ ಗುಟ್ಟೂ ಇಲ್ಲೇ ಇದೆ. ಒಬ್ಬರೇ 24 ಗಂಟೆ ಇರುತ್ತಾರೆ ಎಂದರೆ ರಾತ್ರಿ ಅವರು ಮಲಗುತ್ತಾರೆ, ಮಲಗಲೇಬೇಕು. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ, ಸಕ್ಷನ್ (ಕಫವನ್ನು ಯಂತ್ರದಿಂದ ಎಳೆದು ತೆಗೆಯುವುದು) ಮಾಡಬೇಕಾದ ರೋಗಿಗೆ ತಲಾ 12 ಗಂಟೆಯ ಎರಡು ಶಿಫ್ಟ್ ಬಿಟ್ಟರೆ ಬೇರೆ ದಾರಿಯಿಲ್ಲ. ಅದಕ್ಕಿಂತ ಕಡಿಮೆ ಬೆಲೆಗೆ 24 ಗಂಟೆ ಕೊಡುತ್ತೇವೆ ಎನ್ನುವವರು ರಾತ್ರಿಯ ಎಚ್ಚರವನ್ನು ಬಿಟ್ಟು ಉಳಿದದ್ದನ್ನು ಮಾರುತ್ತಿರುತ್ತಾರೆ.

ಉಳಿದ ವಿಭಾಗಗಳಿಂದ ಬಂದವರ ಬಗ್ಗೆ ಎರಡೆರಡು ಮಾತು. ಓಟಿ (ಆಪರೇಷನ್ ಥಿಯೇಟರ್) ನರ್ಸ್‌ಗಳ ಶಿಸ್ತು ಬೆರಗು ಹುಟ್ಟಿಸುವಂಥದ್ದು. ಶಸ್ತ್ರಚಿಕಿತ್ಸೆಗೆ ಮೊದಲು, ಒಳಗಿನ ಪದರ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ ಹತ್ತಿಬಟ್ಟೆ, ಸೂಜಿ, ಉಪಕರಣಗಳನ್ನು ಇಬ್ಬರು ಸೇರಿ ಬಾಯಿಬಿಟ್ಟು ಎಣಿಸುತ್ತಾರೆ. ಡ್ರೆಸ್ಸಿಂಗ್ ಮಾಡಲು ಅವರಷ್ಟು ಸ್ವಚ್ಛ ಕೈ ಸಿಗದು. ಆದರೆ ಎಚ್ಚರವಿರುವ, ಮಾತಾಡುವ, ಹಟ ಮಾಡುವ ರೋಗಿಯೊಂದಿಗೆ ದಿನವಿಡೀ ಕಳೆದ ಅನುಭವ ಅವರಿಗೆ ಕಡಿಮೆ. ಎಮರ್ಜೆನ್ಸಿಯವರು ಯಾರು ಕಾಯಬಹುದು, ಯಾರು ಕಾಯಲಾಗದು ಎಂದು ವಿಂಗಡಿಸುವುದರಲ್ಲಿ ಚುರುಕು. ತಿಂಗಳುಗಟ್ಟಲೆ ಒಂದೇ ಕೆಲಸ ಅವರಲ್ಲಿ ಅನೇಕರಿಗೆ ಒಗ್ಗುವುದಿಲ್ಲ. ಶಾಲೆ, ಕಾರ್ಖಾನೆ, ಲಸಿಕಾ ಕೇಂದ್ರದ ನರ್ಸ್‌ಗಳು ರೋಗ ತಡೆಯುವುದರಲ್ಲಿ ಪಳಗಿದವರು. ಅವರನ್ನು ನೇರ ಹಾಸಿಗೆಯ ಪಕ್ಕಕ್ಕೆ ಕಳಿಸುವ ಏಜೆನ್ಸಿ ನಡುವೆ ತರಬೇತಿ ಕೊಟ್ಟಿದೆಯೇ ಎಂದು ಕೇಳಿ.

ಡಯಾಲಿಸಿಸ್ ನರ್ಸ್‌ಗಳದ್ದು ಬೇರೆಯೇ ಲೋಕ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗೆ ಆ ವಿಭಾಗ ನೋಡಿರದ ನರ್ಸ್ ಬಂದಾಗ ಆಗುವ ಮೊದಲ ತಪ್ಪು, ಫಿಸ್ಟುಲಾ (ಡಯಾಲಿಸಿಸ್‌ಗೆಂದು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿ ಸುತ್ತುವುದು. ಆ ಕೈಯಿಂದ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಡ್ರಿಪ್ ಹಾಕಬಾರದು. ಒತ್ತಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋಗಬಹುದು. ಬಲ್ಲವರು ದಿನಕ್ಕೊಮ್ಮೆಯಾದರೂ ಅದರ ಮೇಲೆ ಬೆರಳಿಟ್ಟು ಒಳಗಿನ ಅದಿರಾಟ ಇದೆಯೇ ಎಂದು ನೋಡುತ್ತಾರೆ. ನಿನ್ನೆ ಇದ್ದದ್ದು ಇಂದು ಇಲ್ಲವಾದರೆ ಅವತ್ತೇ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡುತ್ತಾರೆ. ದಿನವೂ ಒಂದೇ ಹೊತ್ತಿಗೆ ತೂಕ ನೋಡುವುದು, ಕುಡಿದ ನೀರನ್ನು ಅಳೆಯುವುದು ಅವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಕೆಲಸ ನೋಡಿ ಅಳೆಯುವುದು

ನಗುಮುಖ, ಇಸ್ತ್ರಿ ಮಾಡಿದ ಸಮವಸ್ತ್ರ, ಸಮಯಕ್ಕೆ ಸರಿಯಾಗಿ ಬರುವುದು, ಗ್ರಾಹಕರ ರೇಟಿಂಗ್‌ಗಳಲ್ಲಿ ಹೆಚ್ಚಾಗಿ ಇವೇ ಇರುತ್ತವೆ. ಇವು ಬೇಡವೆಂದಲ್ಲ. ಆದರೆ ಮೂಗಿನಿಂದ ಹೊಟ್ಟೆಗೆ ಹಾಕಿರುವ ರೈಲ್ಸ್ ಟ್ಯೂಬಿನಲ್ಲಿ ಒಂದು ಹೊತ್ತು ಆಹಾರ ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ಒಳ್ಳೆಯ ನರ್ಸ್ ಮೊದಲು ಮೂಗಿನ ಬಳಿ ಟ್ಯೂಬಿನ ಮೇಲಿರುವ ಗುರುತು ನೋಡುತ್ತಾರೆ. ಹಾಕಿದ ದಿನ 55 ಸೆಂ.ಮೀ. ಇದ್ದದ್ದು ಇಂದು 48 ಆಗಿದ್ದರೆ ಟ್ಯೂಬ್ ಹೊರಗೆ ಜಾರಿದೆ, ಆಹಾರ ಕೊಡಬಾರದು. ಆಮೇಲೆ ಸಿರಿಂಜಿನಲ್ಲಿ ಸ್ವಲ್ಪ ಎಳೆದು, ಬಂದ ದ್ರವವನ್ನು ಆಮ್ಲೀಯತೆ ತೋರಿಸುವ ಪಿಎಚ್ ಕಾಗದದ ಮೇಲೆ ಹಾಕುತ್ತಾರೆ. 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತುದಿ ಹೊಟ್ಟೆಯಲ್ಲಿದೆ. ಆಸಿಡಿಟಿ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಇದು ಮೇಲೇರಿರಬಹುದು. ಆಗ ಗುರುತು, ಹಿಂದಿನ ದಾಖಲೆ ಎಲ್ಲವನ್ನೂ ಸೇರಿಸಿ ನೋಡಬೇಕು, ಸಂಶಯ ಉಳಿದರೆ ಎಕ್ಸ್‌-ರೇ. ಸಿರಿಂಜಿನಿಂದ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು 'ಗುಳ್' ಶಬ್ದ ಕೇಳುವ ಹಳೆಯ ಪದ್ಧತಿಯನ್ನೇ ನಂಬುವವರು ಇನ್ನೂ ಇದ್ದಾರೆ. ಟ್ಯೂಬಿನ ತುದಿ ಶ್ವಾಸಕೋಶದಲ್ಲಿದ್ದರೂ ಆ ಶಬ್ದ ಕೇಳಬಹುದು, ಆದ್ದರಿಂದ ಅದು ಪರೀಕ್ಷೆಯೇ ಅಲ್ಲ. ಕೆಮ್ಮು ಬರಲಿಲ್ಲ, ಹಾಗಾಗಿ ಸರಿಯಿದೆ ಎನ್ನುವುದೂ ತಪ್ಪು. ಪಾರ್ಶ್ವವಾಯು ಆದವರಲ್ಲಿ ಕೆಮ್ಮುವ ಪ್ರತಿಕ್ರಿಯೆಯೇ ಮಂದವಾಗಿರಬಹುದು.

ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ. ಆಹಾರ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಸಿರಿಂಜ್ ಒತ್ತಿ ತಳ್ಳಬಾರದು. 200 ಮಿ.ಲೀ. ಆಹಾರ ಐದೇ ನಿಮಿಷದಲ್ಲಿ ಮುಗಿಯಿತೆಂದರೆ ಅವಸರ ಮಾಡಿದ್ದಾರೆ ಎಂದೇ ಅರ್ಥ. ಹದಿನೈದು ಇಪ್ಪತ್ತು ನಿಮಿಷ ಬೇಕು. ಕೊನೆಯಲ್ಲಿ ಸುಮಾರು 30 ಮಿ.ಲೀ. ನೀರು ಬಿಟ್ಟು ಟ್ಯೂಬ್ ತೊಳೆದು, ಮುಂದಿನ ಅರ್ಧದಿಂದ ಒಂದು ಗಂಟೆ ತಲೆ ಇಳಿಸಬಾರದು. ಮಾತ್ರೆಗಳ ವಿಷಯದಲ್ಲಿ ಎಡವುವವರು ಇನ್ನೂ ಹೆಚ್ಚು. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿ ಹಾಕಿದರೆ ದಿನವಿಡೀ ಸೇರಬೇಕಾದ ಔಷಧಿ ಒಮ್ಮೆಗೇ ಸೇರುತ್ತದೆ. 'ಇದನ್ನು ಪುಡಿ ಮಾಡಬಹುದೇ?' ಎಂದು ಕೇಳದೆ ಎಲ್ಲವನ್ನೂ ಒಟ್ಟಿಗೆ ಅರೆಯುವ ನರ್ಸ್‌ಗೆ ಔಷಧಿಯ ಹೊಣೆ ಬಿಡಬೇಡಿ.

ಬೆಡ್‌ಸೋರ್ (ಒಂದೇ ಕಡೆ ಮಲಗಿ ಆಗುವ ಹುಣ್ಣು) ನೋಡಿದರೆ ಸೇವೆಯ ಗುಣಮಟ್ಟ ಅಡಗಿಸಲಾಗದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಎಲ್ಲರಿಗೂ ಗೊತ್ತು. ಹೇಗೆ ಬದಲಿಸಬೇಕೆಂಬುದು ಕಡಿಮೆ ಜನಕ್ಕೆ ಗೊತ್ತು. ಪೂರ್ತಿ 90 ಡಿಗ್ರಿ ಮಗ್ಗುಲಿಗೆ ಮಲಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗಬಾರದು, ದಿಂಬು ಇರಬೇಕಾದದ್ದು ಮೀನಖಂಡದ ಕೆಳಗೆ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಒಳಗೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಅಲ್ಲಿ ಕೈಯಿಟ್ಟು ಬಿಸಿ, ಗಟ್ಟಿತನ, ನೋವು ನೋಡಬೇಕು. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು, ನಡುವೆ ತೂತಿರುವ ಉಂಗುರದಂಥ ದಿಂಬು ಇಡುವುದು ಎರಡೂ ಹಾನಿಯೇ: ತಿಕ್ಕಿದರೆ ನೊಂದ ಅಂಗಾಂಶ ಹರಿಯುತ್ತದೆ, ಉಂಗುರದ ಅಂಚು ಸುತ್ತಲಿನ ರಕ್ತಸಂಚಾರ ತಡೆಯುತ್ತದೆ. ಏರ್‌ಬೆಡ್ ತಂದಾಯಿತು, ಇನ್ನು ಹೊರಳಿಸಬೇಕಿಲ್ಲ ಎನ್ನುವ ಮಾತು ಯಾವ ನರ್ಸ್ ಬಾಯಲ್ಲಿ ಬಂದರೂ ಅಂಕ ಕಳೆಯಿರಿ.

ಒಂದು ಇಕ್ಕಟ್ಟು ಇಲ್ಲಿದೆ. ಟ್ಯೂಬಿನಲ್ಲಿ ಆಹಾರ ಕೊಡಲು ತಲೆ ಎತ್ತಬೇಕು; ತಲೆ 30 ಡಿಗ್ರಿಗಿಂತ ಮೇಲೆ ಬಹಳ ಹೊತ್ತು ಇದ್ದರೆ ದೇಹ ಕೆಳಗೆ ಜಾರಿ ಬೆನ್ನ ಕೆಳಭಾಗದ ಚರ್ಮ ಎಳೆದಂತಾಗಿ ಹುಣ್ಣಾಗುತ್ತದೆ. ಅನುಭವಿಗಳು ಮಂಡಿಯ ಕೆಳಗೂ ಸ್ವಲ್ಪ ಎತ್ತರ ಕೊಟ್ಟು ಜಾರದಂತೆ ಮಾಡಿ, ಊಟವಾಗಿ ಒಂದು ಗಂಟೆಯ ಮೇಲೆ ತಲೆಯನ್ನು 30 ಡಿಗ್ರಿಗೆ ಇಳಿಸುತ್ತಾರೆ. ಈ ಎರಡು ಅಗತ್ಯಗಳು ಒಂದಕ್ಕೊಂದು ಎದುರು ಎಂಬುದನ್ನು ತಾವಾಗಿಯೇ ಹೇಳುವ ನರ್ಸ್ ಸಿಕ್ಕರೆ, ಅವರನ್ನು ಬಿಡಬೇಡಿ.

ಇನ್ಸುಲಿನ್ ವಿಷಯದಲ್ಲಿ ಜೀವಕ್ಕೇ ಕುತ್ತು ತರುವ ತಪ್ಪು ಸಿರಿಂಜಿನದು. ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಇದೆ, 100 ಯೂನಿಟ್ ಇರುವುದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 100ರ ಬಾಟಲಿಗೆ 40ರ ಸಿರಿಂಜ್ ಹಾಕಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್. ತಿರುಗಾಮುರುಗಾ ಆದರೆ 20ರ ಬದಲು 8 ಮಾತ್ರ. ಆಸ್ಪತ್ರೆಯಲ್ಲಿ ಒಂದೇ ಬಗೆಯ ಸಿರಿಂಜ್ ಇಟ್ಟು ಈ ತಪ್ಪನ್ನು ತಪ್ಪಿಸಬಹುದು, ಮನೆಯಲ್ಲಿ ಹಳೆಯ ಡಬ್ಬಿಯೂ ಹೊಸ ಡಬ್ಬಿಯೂ ಪಕ್ಕಪಕ್ಕ ಇರುತ್ತವೆ. ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಗಟ್ಟಿಯಾಗಿ ಓದಿ, ಮನೆಯವರೊಬ್ಬರಿಗೆ ತೋರಿಸಿ ಕೊಡುವುದು ಒಳ್ಳೆಯ ಅಭ್ಯಾಸ. ಊಟಕ್ಕೆ ಮೊದಲು ಕೊಡಬೇಕಾದ ಇನ್ಸುಲಿನ್ ಕೊಟ್ಟ ಮೇಲೆ ರೋಗಿ ಊಟ ಬೇಡವೆಂದರೆ ಏನು ಮಾಡುತ್ತೀರಿ ಎಂದು ಮೊದಲ ದಿನವೇ ಕೇಳಿ. ಶುಗರ್ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಈ ಉತ್ತರಕ್ಕೆ ತಡವರಿಸುವವರು ಇನ್ಸುಲಿನ್ ಕೊಡಲು ಸಿದ್ಧರಿಲ್ಲ.

ಮೂತ್ರ ಹೊರತರುವ ಟ್ಯೂಬ್, ಅಂದರೆ ಕ್ಯಾತಿಟರ್ ವಿಷಯ ಬೇಗ ಮುಗಿಸೋಣ. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಟ್ಯೂಬಿನ ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬಾರದು. ಮೂತ್ರ ನಿಂತರೆ ಮೊದಲು ಟ್ಯೂಬ್ ಮಡಚಿದೆಯೇ ನೋಡಿ, ಆಮೇಲೆ ಮಲ ಕಟ್ಟಿಕೊಂಡಿದೆಯೇ ನೋಡಬೇಕು, ಏಕೆಂದರೆ ತುಂಬಿದ ಕರುಳು ಟ್ಯೂಬನ್ನು ಒತ್ತಿಹಿಡಿಯುತ್ತದೆ. ಪಕ್ಕದಿಂದ ಸೋರುತ್ತಿದೆ ಎಂದು ದಪ್ಪ ಕ್ಯಾತಿಟರ್ ಹಾಕಿಸುವವರು ಕಾರಣ ಹುಡುಕುತ್ತಿಲ್ಲ. ಸೋರುವುದು ಬಹುಪಾಲು ಟ್ಯೂಬ್ ಕಟ್ಟಿಕೊಂಡಿದ್ದರಿಂದ ಅಥವಾ ಮೂತ್ರಕೋಶ ಸೆಡೆತುಕೊಳ್ಳುವುದರಿಂದ.

ಆಕ್ಸಿಜನ್ ಮೇಲಿರುವವರಲ್ಲಿ ವಾರ್ಡಿನ ಅಭ್ಯಾಸವೇ ಕೆಲವೊಮ್ಮೆ ಶತ್ರು. ಬೆರಳಿನ ಆಕ್ಸಿಮೀಟರ್ 90 ತೋರಿಸಿದರೆ ವಾರ್ಡ್ ನರ್ಸ್ ಕೈ ತಾನಾಗಿಯೇ ಆಕ್ಸಿಜನ್ ಹೆಚ್ಚಿಸುವ ಗುಂಡಿಯ ಕಡೆ ಹೋಗುತ್ತದೆ. ಆದರೆ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವ, ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವವರಿಗೆ ಡಾಕ್ಟರ್ ಇಡುವ ಗುರಿ ಸಾಮಾನ್ಯವಾಗಿ 88ರಿಂದ 92. ಹೆಚ್ಚು ಆಕ್ಸಿಜನ್ ಕೊಟ್ಟರೆ ಅವರು ಮಂಪರಾಗುತ್ತಾರೆ. ನೋಡುವವರಿಗೆ ಚೆನ್ನಾಗಿ ನಿದ್ರೆ ಮಾಡುತ್ತಿರುವಂತೆ ಕಾಣುತ್ತದೆ. ಗುರಿ ಎಷ್ಟು, ಎಷ್ಟು ಲೀಟರ್, ಯಾವಾಗ ಫೋನ್ ಮಾಡಬೇಕು ಎಂಬುದನ್ನು ಯಂತ್ರದ ಮೇಲೇ ಬರೆದು ಅಂಟಿಸಿರಬೇಕು.

ಟ್ರಾಕಿಯಾಸ್ಟಮಿ ಇದ್ದರೆ ಹಾಸಿಗೆಯ ತಲೆಯ ಬಳಿ ಅದೇ ಅಳತೆಯ ಒಂದು ಟ್ಯೂಬ್, ಒಂದು ಅಳತೆ ಚಿಕ್ಕದು ಇನ್ನೊಂದು, ಎರಡೂ ಸಿದ್ಧವಿರಬೇಕು. ಸಕ್ಷನ್ 10ರಿಂದ 15 ಸೆಕೆಂಡು ಮೀರಬಾರದು. ಕಫ ಎಳೆಯುವ ಕ್ಯಾತಿಟರಿನ ದಪ್ಪ ಟ್ರಾಕಿಯಾಸ್ಟಮಿ ಟ್ಯೂಬಿನ ಒಳಅಗಲದ ಅರ್ಧ ಮೀರಬಾರದು. ಕರೆಂಟು ಹೋದರೆ ನಡೆಯುವ ಸಕ್ಷನ್ ಯಂತ್ರ ಇಲ್ಲದ ಮನೆಗೆ ಇಂಥ ರೋಗಿಯನ್ನು ಒಪ್ಪಿಕೊಳ್ಳುವ ಏಜೆನ್ಸಿಯ ಮೇಲೆ ನಂಬಿಕೆ ಇಡಲಾಗದು.

ನೋಟ್‌ಬುಕ್ ತೆರೆದರೆ ಗೊತ್ತಾಗುತ್ತದೆ

ಒಂದು ವಾರದ ನಂತರ ನರ್ಸ್ ಬರೆದಿಟ್ಟ ಪುಸ್ತಕ ತಿರುವಿ. ಉಸಿರಾಟದ ಕಾಲಂ ಮೊದಲು ನೋಡಿ. ಪ್ರತಿ ಸಾಲಿನಲ್ಲೂ 18, 18, 20, 18 ಎಂದೇ ಇದ್ದರೆ ಅದನ್ನು ಎಣಿಸಿಲ್ಲ, ಊಹಿಸಿ ಬರೆದಿದ್ದಾರೆ. ಬಿಪಿ, ನಾಡಿ, ಆಕ್ಸಿಜನ್ ಅಂಕಿಗಳನ್ನು ಯಂತ್ರ ಕೊಡುತ್ತದೆ. ಉಸಿರನ್ನು ಮಾತ್ರ ಎದೆ ನೋಡುತ್ತಾ ಒಂದು ನಿಮಿಷ ಎಣಿಸಬೇಕು. ಬೇಸರದ ಕೆಲಸ, ಅದಕ್ಕೇ ಎಲ್ಲ ಕಡೆ ತಪ್ಪಿಹೋಗುತ್ತದೆ. ಸೋಂಕು ರಕ್ತಕ್ಕೆ ಏರುವಾಗ, ಶ್ವಾಸಕೋಶ ಸೋಲುವಾಗ ಬಹಳ ಸಲ ಮೊದಲು ಬದಲಾಗುವುದೂ ಇದೇ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ 'ನ್ಯೂಸ್' (ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಮೊದಲೇ ಎಚ್ಚರಿಸುವ) ಅಂಕಪಟ್ಟಿಯಲ್ಲಿ ಉಸಿರಾಟದ ವೇಗಕ್ಕೆ ಮೊದಲ ಜಾಗ. ಆಕ್ಸಿಜನ್ ಮಟ್ಟ, ಆಕ್ಸಿಜನ್ ಕೊಡುತ್ತಿದ್ದಾರೆಯೇ ಎಂಬುದು, ಬಿಪಿ, ನಾಡಿ, ಎಚ್ಚರ, ಜ್ವರ ಉಳಿದವು. ಒಟ್ಟು 5 ಅಥವಾ ಅದಕ್ಕಿಂತ ಹೆಚ್ಚಾದರೆ ಡಾಕ್ಟರ್ ಬೇಗ ನೋಡಬೇಕು, 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು. ಆಸ್ಪತ್ರೆಗೆಂದು ಮಾಡಿದ ಪಟ್ಟಿಯಿದು, ಮನೆಯಲ್ಲಿ ಹಾಗೇ ಬಳಸಬೇಕೆಂದಿಲ್ಲ. ಆದರೆ ಹೊಸದಾಗಿ ಗೊಂದಲದ ಮಾತು ಶುರುವಾಯಿತು ಎಂಬುದನ್ನು 'ರಾತ್ರಿ ನಿದ್ರೆ ಸರಿಯಾಗಿಲ್ಲ' ಎಂದು ತಳ್ಳಿಹಾಕದೆ ಬರೆದಿಟ್ಟಿದ್ದಾರೆಯೇ ನೋಡಿ. ಅದು ಪಟ್ಟಿಯಲ್ಲೇ 3 ಅಂಕದ ಲಕ್ಷಣ.

ಡಾಕ್ಟರಿಗೆ ಫೋನ್ ಮಾಡುವ ರೀತಿಯಲ್ಲೂ ಅನುಭವ ಕಾಣುತ್ತದೆ. 'ಪೇಷೆಂಟ್ ಸ್ವಲ್ಪ ಸರಿಯಿಲ್ಲ ಸರ್' ಎಂದರೆ ಆ ಕಡೆಯವರಿಗೆ ಏನೂ ತಿಳಿಯದು. 'ಬೆಳಿಗ್ಗೆಯಿಂದ ಉಸಿರು 28, ನಿನ್ನೆ 18 ಇತ್ತು. ಕ್ಯಾತಿಟರ್ ಹಾಕಿ ಮೂರು ವಾರ. ಜ್ವರ 101, ಆರು ಗಂಟೆಯಲ್ಲಿ ಮೂತ್ರ 100 ಮಿ.ಲೀ. ಮಾತ್ರ, ಮೂತ್ರದ ಸೋಂಕು ಇರಬಹುದು ಅನಿಸುತ್ತಿದೆ, ಆಸ್ಪತ್ರೆಗೆ ಕರೆತರಲೇ?' ಎಂದರೆ ಒಂದೇ ಉಸಿರಿನಲ್ಲಿ ನಿರ್ಧಾರವಾಗುತ್ತದೆ.

ಬಿಡುಗಡೆಯ ದಿನದ ಎಡವಟ್ಟು

ಮನೆ ಸೇವೆಯ ಮೊದಲ ಎರಡು ಮೂರು ದಿನಗಳಲ್ಲಿ ಆಗುವ ತಪ್ಪುಗಳ ಮೂಲ ಹಲವು ಸಲ ಆಸ್ಪತ್ರೆಯಲ್ಲೇ ಇರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಚರಿತ್ರೆ ಇರುತ್ತದೆ, ನರ್ಸ್‌ಗೆ ಬೇಕಾದದ್ದು ಇರುವುದಿಲ್ಲ: ಇವತ್ತಿನ ಬೆಳಗಿನ ಯಾವ ಮಾತ್ರೆ ಈಗಾಗಲೇ ಕೊಟ್ಟಾಗಿದೆ, ಟ್ಯೂಬ್ ಯಾವತ್ತು ಹಾಕಿದ್ದು, ಡ್ರೆಸ್ಸಿಂಗ್ ಕೆಳಗೆ ಗಾಯ ಹೇಗಿದೆ, ನಿಲ್ಲಿಸಿದ ಹಳೆಯ ಔಷಧಿ ಯಾವುದು. ಕೊನೆಯದು ಮುಖ್ಯ, ಆಸ್ಪತ್ರೆಯಲ್ಲಿ ಬದಲಿಸಿದ ಬಿಪಿ ಮಾತ್ರೆಯೂ ಮನೆಯಲ್ಲಿ ಉಳಿದಿದ್ದ ಹಳೆಯದೂ ಎರಡೂ ಹೊಟ್ಟೆಗೆ ಹೋಗುವುದು ಅಪರೂಪವಲ್ಲ. ಒಳ್ಳೆಯ ಏಜೆನ್ಸಿ ಹೋಮ್ ನರ್ಸನ್ನು ಬಿಡುಗಡೆಗೆ ಮೊದಲೇ ವಾರ್ಡಿಗೆ ಕಳಿಸಿ, ಅಲ್ಲಿನ ನರ್ಸ್ ಬಾಯಿಂದ ಹಾಸಿಗೆಯ ಪಕ್ಕದಲ್ಲೇ ಹ್ಯಾಂಡೋವರ್ (ರೋಗಿಯ ವಿವರಗಳ ಒಪ್ಪಿಸುವಿಕೆ) ಕೊಡಿಸುತ್ತದೆ. ನಮ್ಮ ಲೆಕ್ಕದಲ್ಲಿ ಏಜೆನ್ಸಿಯನ್ನು ಮೇಲೆತ್ತುವ ಗುಣ ಇದಕ್ಕಿಂತ ದೊಡ್ಡದಿಲ್ಲ.

ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಂತೂ ಮನೆ ಸೇವೆಗೆ ಸರಿಸಾಟಿ ಇಲ್ಲ, ಪ್ಯಾಲಿಯೇಟಿವ್ (ನೋವು, ಸಂಕಟ ತಗ್ಗಿಸುವ) ಆರೈಕೆ ಕಲಿತ ನರ್ಸ್ ಸಿಕ್ಕರೆ. ಅವರು ಬಿಪಿ ನೋಡುವುದನ್ನು ಕಡಿಮೆ ಮಾಡುತ್ತಾರೆ, ನೋವು ಎಷ್ಟಿದೆ ಎಂದು ಕೇಳುವುದನ್ನು ಹೆಚ್ಚು ಮಾಡುತ್ತಾರೆ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಇದೆಯೇ ಎಂದು ನೋಡುತ್ತಾರೆ, ಏಕೆಂದರೆ ವಾಕರಿಕೆ ಕೆಲವು ದಿನದಲ್ಲಿ ತಗ್ಗಬಹುದು, ಮಲಬದ್ಧತೆ ತಗ್ಗುವುದಿಲ್ಲ. ಹೊತ್ತಿಗೆ ಸರಿಯಾಗಿ ಕೊಡುವ ಔಷಧಿಯ ನಡುವೆ ನೋವು ಉಕ್ಕಿದರೆ ಹೆಚ್ಚುವರಿ ಎಷ್ಟು ಕೊಡಬೇಕು ಎಂಬುದನ್ನು ಡಾಕ್ಟರಿಂದ ಮೊದಲೇ ಬರೆಸಿಕೊಂಡಿರುತ್ತಾರೆ. ಅದು ಸಾಮಾನ್ಯವಾಗಿ ಇಡೀ ದಿನದ ಪ್ರಮಾಣದ ಆರನೇ ಒಂದು ಭಾಗ. ಐಸಿಯುನಿಂದ ನೇರ ಬಂದವರಿಗೆ ಏನೂ ಮಾಡದೆ ಪಕ್ಕದಲ್ಲಿ ಕೂರುವುದೂ ಕೆಲಸವೇ ಎಂಬುದು ಒಗ್ಗಲು ಸಮಯ ಹಿಡಿಯುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ಬರುವವರು ನರ್ಸೋ ಕೇರ್‌ಟೇಕರೋ ಎಂದು ಬರಹದಲ್ಲಿ ಕೇಳಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆಯನ್ನು ನೀವೇ ತಾಳೆ ನೋಡಿ. ಸ್ನಾನ, ಊಟ, ಬಟ್ಟೆ, ಮಗ್ಗುಲು ಬದಲಿಸುವುದಕ್ಕೆ ತರಬೇತಾದ ಕೇರ್‌ಟೇಕರ್ ಸಾಕು. ಎಷ್ಟೋ ಮನೆಗಳಿಗೆ ದಿನವಿಡೀ ಕೇರ್‌ಟೇಕರ್, ವಾರಕ್ಕೆರಡು ಸಲ ನರ್ಸ್ ಭೇಟಿ ಎಂಬ ಜೋಡಿಯೇ ಸರಿಹೋಗುತ್ತದೆ. ಆದರೆ ಕೇರ್‌ಟೇಕರ್ ಕೈಗೆ ಇಂಜೆಕ್ಷನ್, ಸಕ್ಷನ್ ಕೊಟ್ಟು ನರ್ಸ್ ದರ ವಸೂಲಿ ಮಾಡುವುದು ಈ ವ್ಯವಹಾರದಲ್ಲಿ ಕಂಡುಬರುವ ಮೋಸ. ತಿಂಗಳಿಗೆ ಎಷ್ಟು ಸಲ ಹಿರಿಯ ನರ್ಸ್ ಮನೆಗೆ ಬಂದು ಪರಿಶೀಲಿಸುತ್ತಾರೆ, ರಾತ್ರಿ ಎರಡಕ್ಕೆ ಫೋನ್ ಎತ್ತುವವರು ನರ್ಸೋ ಆಫೀಸಿನವರೋ, ಒಬ್ಬರು ರಜೆ ಹಾಕಿದರೆ ಬದಲಿ ಬರುವವರಿಗೆ ಹಿಂದಿನವರು ಮನೆಯಲ್ಲೇ ನಿಂತು ಹ್ಯಾಂಡೋವರ್ ಕೊಡುತ್ತಾರೋ ಇಲ್ಲವೋ, ಇಷ್ಟನ್ನು ಕೇಳಿದರೆ ಅರ್ಧ ಏಜೆನ್ಸಿಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಬಳಸಿದ ಸೂಜಿಗೆ ಚುಚ್ಚಿದರೂ ತೂತಾಗದ ಡಬ್ಬಿಯನ್ನು ಅವರೇ ತಂದು, ಮುಕ್ಕಾಲು ತುಂಬಿದಾಗ ಅವರೇ ಒಯ್ಯಬೇಕು ಎಂಬುದನ್ನೂ ಒಪ್ಪಂದದಲ್ಲಿ ಬರೆಸಿ. ಮನೆಯ ಕಸ ಎತ್ತುವವರ ಕೈಗೆ ಆ ಸೂಜಿ ಚುಚ್ಚಬಾರದು.